ನಾನು ನೋಡಿದ ಮೂರು ಮಾಯೆಯ ಸಿನಿಮಾಗಳು

ಪ್ರೀತಿಯ ಗೆಳೆಯ ಗೆಳತಿಯರೇ, ಹೋದ ಸಂಚಿಕೆಯಲ್ಲಿ ನೀವೆಲ್ಲ ದಸರಾ ರಜೆಗೆ ಹೋದ ಊರುಗಳ ಬಗ್ಗೆ ಬರೆದಿದ್ದಿರಿ. ನಾವು ಎಲ್ಲಿಗೂ ಹೋಗಲಿಲ್ಲ. ಆದರೆ ನಮ್ಮ ಮಾವ ಲ್ಯಾಪ್‌ಟಾಪ್ ತಂದಿದ್ದರು. ಅದರಲ್ಲಿ ಮೂರು ರಾತ್ರಿ ಮೂರು ಸಿನಿಮಾ ನೋಡಿದೆವು. ಮೂರರಲ್ಲೂ ನಡೆಯದೇ ಇರೋದೆಲ್ಲ ನಡೆಯುತ್ತೆ. ಅದಕ್ಕೇ ಅವು ನನಗೆ ಇಷ್ಟವಾದವು.

ಮೊದಲನೆಯದು ತೆಲುಗಿನ ‘ಮಾಯಾಬಜಾರ್’. 1957ರಲ್ಲಿ ಬಂದದ್ದು, ಕೆ.ವಿ. ರೆಡ್ಡಿಯವರ ನಿರ್ದೇಶನ. ನಮ್ಮದು ಪಾವಗಡದ ಕಡೆ ಆದ್ದರಿಂದ ಅಜ್ಜಿಗೆ ತೆಲುಗು ಚೆನ್ನಾಗಿ ಬರುತ್ತೆ. ಅವರೇ ನಮಗೆ ಕಥೆ ಬಿಡಿಸಿ ಹೇಳಿದರು. ಬಲರಾಮನ ಮಗಳು ಶಶಿರೇಖೆಯನ್ನು ಅಭಿಮನ್ಯುವಿಗೆ ಕೊಡುವುದು ಎಂದು ಮಾತಾಗಿರುತ್ತದೆ. ಪಾಂಡವರು ರಾಜ್ಯ ಕಳೆದುಕೊಂಡ ಮೇಲೆ ಆ ಮಾತು ಮುರಿದು, ದುರ್ಯೋಧನನ ಮಗನಿಗೆ ಕೊಡಲು ಹೊರಡುತ್ತಾರೆ. ಆಗ ಘಟೋತ್ಕಚ ಬಂದು ಮಲಗಿದ್ದ ಶಶಿರೇಖೆಯನ್ನು ಮಂಚದ ಸಮೇತ ಎತ್ತಿಕೊಂಡು ಹೋಗುತ್ತಾನೆ. ಆಮೇಲೆ ತಾನೇ ಶಶಿರೇಖೆಯ ರೂಪ ತಾಳಿ ಮದುವೆ ಮನೆಗೆ ಬರುತ್ತಾನೆ. ಎಸ್.ವಿ. ರಂಗರಾವ್ ಘಟೋತ್ಕಚ ಆಗಿದ್ದಾರೆ. ಲಾಡುಗಳು ತಾವಾಗಿಯೇ ಎದ್ದು ಅವರ ಬಾಯಿಗೆ ಹೋಗುವಾಗ ನನ್ನ ತಮ್ಮನೂ ಬಾಯಿ ತೆಗೆದು ಕೂತಿದ್ದ! ದೋಣಿಯ ಹಾಡಿನಲ್ಲಿ ಬರೋದು ನಿಜವಾದ ಬೆಳದಿಂಗಳಲ್ಲವಂತೆ. ಮಾರ್ಕಸ್ ಬಾರ್ಟ್ಲಿ ಎಂಬ ಛಾಯಾಗ್ರಾಹಕರು ಸ್ಟುಡಿಯೋದಲ್ಲಿ ದೀಪ ಹಾಕಿ ಅದನ್ನು ಮಾಡಿದ್ದಂತೆ. ಮಾವ ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಇದರಲ್ಲಿ ‘ಪ್ರಿಯದರ್ಶಿನಿ’ ಎಂಬ ಒಂದು ಪೆಟ್ಟಿಗೆ ಇದೆ. ಅದನ್ನು ತೆರೆದು ನೋಡಿದವರಿಗೆ ಅವರ ಮನಸ್ಸಿನಲ್ಲಿ ಯಾರಿದ್ದಾರೋ ಅವರೇ ಕಾಣುತ್ತಾರೆ. ಶಶಿರೇಖೆಗೆ ಅಭಿಮನ್ಯು ಕಾಣುತ್ತಾನೆ, ಕೃಷ್ಣನಿಗೆ ಶಕುನಿ ಕಾಣುತ್ತಾನೆ. ಅಜ್ಜಿ ಇದನ್ನು ನೋಡಿ, “ನಿಮ್ಮಮ್ಮನ ಮೊಬೈಲು ಇದೇ ಅಲ್ವೇನೇ” ಅಂದರು. ಎಲ್ಲರೂ ನಕ್ಕೆವು. ಆದರೆ ಅಮ್ಮ ಅಷ್ಟೊಂದು ನಗಲಿಲ್ಲ.

ಎರಡನೆಯದು ‘ಜುರಾಸಿಕ್ ಪಾರ್ಕ್’. 1993ರ ಇಂಗ್ಲಿಷ್ ಚಿತ್ರ, ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನ. ಹಿಂದಿನ ಕಾಲದ ಮರದ ಅಂಟಿನೊಳಗೆ ಸಿಕ್ಕಿಕೊಂಡ ಒಂದು ಸೊಳ್ಳೆ. ಅದು ಡೈನೋಸಾರಿನ ರಕ್ತ ಕುಡಿದಿರುತ್ತದೆ. ಆ ರಕ್ತದಿಂದ ಡೈನೋಸಾರ್ ಹುಟ್ಟಿಸುತ್ತಾರೆ. ಡೈನೋಸಾರುಗಳು ನಾಶವಾಗಿ ಸುಮಾರು 6.6 ಕೋಟಿ ವರ್ಷ ಆಯಿತು. ಅಷ್ಟು ಹಳೆಯ ಡಿ.ಎನ್.ಎ. ಉಳಿಯುವುದಿಲ್ಲ, ಆದ್ದರಿಂದ ಹೀಗೆ ಮಾಡಲು ಆಗಲ್ಲ. ಆದರೂ ದೊಡ್ಡ ಡೈನೋಸಾರ್ ಮಳೆಯಲ್ಲಿ ಬಂದು ಕಾರಿನ ಹತ್ತಿರ ನಿಂತಾಗ ನಾನು ಇದನ್ನೆಲ್ಲ ಮರೆತುಬಿಟ್ಟೆ! ಅದರ ಕೂಗನ್ನು ಆನೆಮರಿ, ಹುಲಿ, ಮೊಸಳೆಯ ದನಿ ಸೇರಿಸಿ ಮಾಡಿದ್ದಾರೆ. ನಮ್ಮ ದೇಶದಲ್ಲೂ ಗುಜರಾತಿನ ನರ್ಮದೆಯ ಕಡೆ ಒಂದು ಡೈನೋಸಾರಿನ ಮೂಳೆಗಳು ಸಿಕ್ಕಿವೆ. 2003ರಲ್ಲಿ ಅದಕ್ಕೆ ರಾಜಾಸಾರಸ್ ಎಂದು ಹೆಸರಿಟ್ಟರು. ಅದನ್ನು ಕೇಳಿದ ಮೇಲೆ ತಮ್ಮ ರಾತ್ರಿ ಹೊರಗೆ ಹೋಗೋಕೆ ನನ್ನನ್ನೂ ಕರೀತಾನೆ.

ಮೂರನೆಯದು ‘ಇ.ಟಿ.’ 1982ರದು. ಇದೂ ಸ್ಪೀಲ್‌ಬರ್ಗ್ ಅವರದೇ. ಬೇರೆ ಲೋಕದಿಂದ ಬಂದ ಒಂದು ಜೀವಿಯನ್ನು ಅದರ ಜೊತೆಯವರು ಭೂಮಿಯಲ್ಲೇ ಬಿಟ್ಟು ಹೋಗುತ್ತಾರೆ. ಎಲಿಯಟ್ ಎಂಬ ಹುಡುಗ ಅದನ್ನು ಮನೆಯಲ್ಲಿ ಬಚ್ಚಿಟ್ಟು ಸಾಕುತ್ತಾನೆ. ಅದಕ್ಕೆ ಉದ್ದ ಕತ್ತು, ದೊಡ್ಡ ಕಣ್ಣು. ಮೊದಲು ಹೆದರಿಕೆ ಆಗುತ್ತೆ, ಆಮೇಲೆ ಪಾಪ ಅನ್ನಿಸುತ್ತೆ. ಅದಕ್ಕೆ ಬೇಕಾದದ್ದು ಒಂದೇ, ಮನೆಗೆ ಸುದ್ದಿ ಕಳಿಸೋದು. ಮಕ್ಕಳ ಆಟದ ಸಾಮಾನು, ಕೊಡೆ, ಗರಗಸದ ಚಕ್ರ ಎಲ್ಲ ಸೇರಿಸಿ ಒಂದು ಯಂತ್ರ ಮಾಡುತ್ತೆ. ಚಂದ್ರನ ಮುಂದೆ ಸೈಕಲ್ ಹಾರುವುದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಇನ್ನೊಂದು ದೃಶ್ಯ ಮನಸ್ಸಿಗೆ ಹತ್ತಿತು. ಎಲಿಯಟ್‌ನ ಅಪ್ಪ ಮನೆ ಬಿಟ್ಟು ಹೋಗಿರುತ್ತಾರೆ. ಅಣ್ಣ ತಮ್ಮ ಇಬ್ಬರೂ ಅಪ್ಪನ ಹಳೇ ಅಂಗಿಯನ್ನು ಮೂಸಿ ನೋಡುತ್ತಾರೆ.

ನಮ್ಮಪ್ಪ ನಮ್ಮನ್ನು ಬಿಟ್ಟು ಹೋದವರಲ್ಲ. ಮಳೆ ಕೈಕೊಟ್ಟು ಕಡ್ಲೆಕಾಯಿ ಬೆಳೆ ಹೋಯಿತು, ಅದಕ್ಕೇ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ. ನಿಮ್ಮಲ್ಲೂ ಎಷ್ಟೋ ಜನರ ಅಪ್ಪಂದಿರು ಹೀಗೇ ಹೋಗಿದ್ದಾರೆ, ನನಗೆ ಗೊತ್ತು. ಅಪ್ಪನ ಒಂದು ಅಂಗಿ ನಮ್ಮ ಮನೆ ಗೂಟದಲ್ಲಿದೆ. ಅಮ್ಮ ಅದನ್ನು ಒಗೆಯೋಕೆ ಹಾಕಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ. ಸಿನಿಮಾ ನೋಡಿದ ಮೇಲೆ ಕೇಳಬೇಕು ಅನ್ನಿಸಲಿಲ್ಲ.

ಭಾನುವಾರ ಅಪ್ಪ ವಿಡಿಯೋ ಕಾಲ್ ಮಾಡುತ್ತಾರೆ. ಒಂದೊಂದು ಸಲ ನೆಟ್‌ವರ್ಕ್ ಸಿಗದೆ ಅಪ್ಪನ ಮುಖ ಅಲ್ಲೇ ನಿಂತುಬಿಡುತ್ತೆ. ಅಜ್ಜಿ ಹೇಳಿದ್ದು ಸರಿ, 1957ರಲ್ಲಿ ಮಾಯೆ ಆಗಿದ್ದದ್ದು ಈಗ ಅಮ್ಮನ ಕೈಯಲ್ಲೇ ಇದೆ. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ 2050 ಮೆಗಾವಾಟ್ ಕರೆಂಟು ಬಿಸಿಲಿನಿಂದಲೇ ಬರುತ್ತದೆ. ಅಜ್ಜಿ ಚಿಕ್ಕವರಿದ್ದಾಗ ಯಾರಾದರೂ ಹೀಗೆ ಹೇಳಿದ್ದರೆ ಹುಚ್ಚು ಅನ್ನುತ್ತಿದ್ದರಂತೆ. ಆದರೆ ಪೆಟ್ಟಿಗೆಯಲ್ಲಿ ಕಂಡವರು ಪಕ್ಕದಲ್ಲಿ ಕೂತು ಊಟ ಮಾಡೋಕೆ ಆಗಲ್ಲ. ಇ.ಟಿ.ಗೆ ಎಲಿಯಟ್ ಮೇಲೆ ಎಷ್ಟೇ ಪ್ರೀತಿ ಇದ್ದರೂ ಕೊನೆಗೆ ತನ್ನ ಮನೆಗೇ ಹೋಯಿತು.

ಘಟೋತ್ಕಚನ ಮಂತ್ರ ನನಗೆ ಬಂದರೆ ಲಾಡು ಕೇಳಲ್ಲ. ನಮ್ಮೂರ ಕೆರೆ ತುಂಬಲಿ ಅಂತ ಕೇಳುತ್ತೇನೆ. ಮಂತ್ರ ಬರದಿದ್ದರೆ ವಿಜ್ಞಾನ ಓದಬೇಕು. ಕಡಿಮೆ ನೀರಿನಲ್ಲಿ ಬೆಳೆ ತೆಗೆಯುವುದನ್ನು ಕಲಿಯಬೇಕು ಅಂತ ನನಗೆ ಆಸೆ ಇದೆ. ಅದಕ್ಕೆ ತುಂಬ ವರ್ಷ ಬೇಕಂತೆ. ಆಗಲಿ.

ನೀವೂ ಇಂಥ ಸಿನಿಮಾ ನೋಡಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ. ಅದರಲ್ಲಿನ ಯಾವ ಮಾಯೆ ನಿಮಗೆ ಬೇಕು, ಯಾಕೆ ಬೇಕು ಅಂತಲೂ ಬರೆಯಿರಿ.

ಇತಿ ನಿಮ್ಮ ಗೆಳತಿ,
ಏಳನೇ ತರಗತಿ