ವಾರಾನ್ನವೂ ಪೊರಕೆಯೂ

ನನ್ನ ಮೊಮ್ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಈ ಮಾತನ್ನು ಬೆಳಗಿನ ವಾಕಿಂಗಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೆಂಬುದರ ಲೆಕ್ಕ ನನ್ನಲ್ಲಿಲ್ಲ. “ಫೀಜು ಎಷ್ಟು ರಾಯರೇ?” ಎಂದು ಕೇಳಿದವರಿಗೆ, ಸ್ವಲ್ಪ ತಡೆದು, “ಫೀಜೇ ಇಲ್ಲ” ಎಂದು ಹೇಳಿ ಅವರ ಮುಖದ ಮೇಲಿನ ಬೆರಗನ್ನು ಸವಿದದ್ದೂ ಉಂಟು. ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವಳು ಅಲ್ಲಿ ಪೊರಕೆ ಕಟ್ಟುತ್ತಾಳೆ.

ಕೆಂಟಕಿ ಸಂಸ್ಥಾನದಲ್ಲಿ, ಅಪಲಾಚಿಯನ್ ಬೆಟ್ಟಗಳ ತಪ್ಪಲಿನಲ್ಲಿ, ಬೆರಿಯಾ ಎಂಬ ಸಣ್ಣ ಊರಿದೆ. ಊರಿಗೂ ಕಾಲೇಜಿಗೂ ಒಂದೇ ಹೆಸರು. ಖಾಸಗಿ ಕಾಲೇಜು; ವಿದ್ಯಾರ್ಥಿಗಳು ಎಲ್ಲ ಸೇರಿ ಸುಮಾರು 1500. 1892ರಿಂದ ಈಚೆಗೆ ಅಲ್ಲಿ ಯಾರಿಂದಲೂ ಬೋಧನಾ ಶುಲ್ಕ ವಸೂಲು ಮಾಡಿಲ್ಲ. ಸೇರುವವರು ಬಡವರ ಮಕ್ಕಳು, ಬಹುಪಾಲು ಆ ಬೆಟ್ಟಸೀಮೆಯವರೇ. ಹೊರದೇಶದ ಕೆಲವರಿಗೂ ಪ್ರತಿ ವರ್ಷ ಜಾಗ ಉಂಟು. ಹಣ ಎಲ್ಲಿಂದ ಬರುತ್ತದೆಂದು ನಿವೃತ್ತ ಗುಮಾಸ್ತನಾದ ನಾನು ವಿಚಾರಿಸದೆ ಇರಲಿಲ್ಲ. ಉಯಿಲಿನ ಮೂಲಕ ನಿಬಂಧನೆಯಿಲ್ಲದೆ ಬರುವ ದತ್ತಿಯನ್ನು ಖರ್ಚು ಮಾಡದೆ ಮೂಲಧನಕ್ಕೆ ಸೇರಿಸತಕ್ಕದ್ದೆಂದು 1920ರಲ್ಲಿ ಆಡಳಿತ ಮಂಡಲಿ ಗೊತ್ತುಮಾಡಿತಂತೆ. ಆ ಗಂಟು ಈಗ ನೂರು ಕೋಟಿ ಡಾಲರನ್ನು ಮೀರಿದೆ. ಮನೆಯಲ್ಲಿ ಪಿಂಚಣಿ ಬಂದ ದಿನವೇ ಕರಗುವುದನ್ನು ನೋಡುವ ನನಗೆ ಆ ಮಂಡಲಿಯವರ ಮೇಲೆ ಬಹಳ ಗೌರವ ಹುಟ್ಟಿತು.

ಆದರೆ ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕಡಮೆಯೆಂದರೆ 10 ಗಂಟೆ ದುಡಿಯಬೇಕು. ಪುಸ್ತಕ ಭಂಡಾರ, ಅಡಿಗೆಮನೆ, ಹೊಲ, ಮಗ್ಗ, ಬಡಗಿಕೆಲಸ, ಕಾಲೇಜಿನದೇ ಆದ ಹೋಟೆಲು, ಹೀಗೆ ಎಲ್ಲಾದರೂ ಸರಿ. ಅದಕ್ಕೆ ಅಷ್ಟಿಷ್ಟು ಕೂಲಿಯುಂಟು. ಪರೀಕ್ಷೆಯ ಅಂಕಪಟ್ಟಿಯ ಜೊತೆಗೆ ದುಡಿಮೆಗೂ ಬೇರೆಯೊಂದು ಪಟ್ಟಿ ಕೊಡುತ್ತಾರೆ. ಮೊದಲ ವರ್ಷ ಕೆಲಸವನ್ನು ಕಾಲೇಜೇ ಗೊತ್ತುಮಾಡುತ್ತದೆ. ಜೀವಶಾಸ್ತ್ರ ಓದಲು ಹೋದ ನಮ್ಮ ಹುಡುಗಿಯ ಪಾಲಿಗೆ ಬಂದದ್ದು ಪೊರಕೆಯ ಕಾರ್ಖಾನೆ. ಫೋನಿನಲ್ಲಿ ಈ ಸುದ್ದಿ ಕೇಳಿದ ನನ್ನ ಹೆಂಡತಿ, “ಏಳು ಸಮುದ್ರ ದಾಟಿ ಹೋಗಿ ಪೊರಕೆ ಹಿಡಿಯೋದೇ?” ಎಂದು ಒಂದು ಹೊತ್ತು ಊಟ ಬಿಟ್ಟಳು. ನಾನು ಊಟ ಬಿಡಲಿಲ್ಲ. ಆದರೆ ನೆರೆಯವರು ಕೇಳಿದರೆ “ಸ್ಕಾಲರ್‌ಷಿಪ್” ಎಂಬ ಒಂದೇ ಮಾತು ಸಾಕೆಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು.

ಹೀಗೆ ಮುಚ್ಚಿಡುವ ವಿದ್ಯೆ ನನಗೆ ಹೊಸದಲ್ಲ. 1963ರಲ್ಲಿ ನಾನು ಓದಲೆಂದು ಮೈಸೂರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಟ್ರಂಕು, ಊರಿನ ಶಾನುಭೋಗರ ಒಂದು ಕಾಗದ. ಆ ಕಾಗದದ ಬಲದಿಂದ ಏಳು ಮನೆಗಳಲ್ಲಿ ವಾರಾನ್ನ ಗೊತ್ತಾಯಿತು. ಈಗಿನ ಹುಡುಗರಿಗೆ ಆ ಮಾತನ್ನು ಬಿಡಿಸಿ ಹೇಳಬೇಕು: ಸೋಮವಾರ ಒಂದು ಮನೆಯ ಊಟ, ಮಂಗಳವಾರ ಇನ್ನೊಂದು ಮನೆಯದು, ಹೀಗೆ ವಾರವೆಲ್ಲ. ಶುಕ್ರವಾರದ ಮನೆಯ ಅಜ್ಜಿ, “ಇನ್ನೊಂದು ತುತ್ತು ಉಣ್ಣೋ, ಓದೋ ಹುಡುಗ” ಎಂದು ಎಲೆಯ ಮೇಲೆ ತಾವೇ ತುಪ್ಪ ಹಾಕುತ್ತಿದ್ದರು. ಅವರನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನ್ನಿಸುತ್ತದೆ. ಮಂಗಳವಾರದ ಮನೆ ಬೇರೆ. ಅಲ್ಲಿ ಊಟಕ್ಕೆ ಮೊದಲು ಬಾವಿಯಿಂದ ನೀರು ಸೇದಿ ಹಂಡೆ ತುಂಬಬೇಕು, ಹಿತ್ತಿಲು ಗುಡಿಸಬೇಕು. ಕೆಲಸಕ್ಕೆ ನಾನು ಅಂಜಿದವನಲ್ಲ; ನಮ್ಮೂರಿನಲ್ಲಿ ಇದಕ್ಕಿಂತ ಹೆಚ್ಚು ಮಾಡಿದ್ದೆ. ಆದರೆ ಆ ಮನೆಯ ಮಗ ನನ್ನ ತರಗತಿಯವನು. ನಾನು ಗುಡಿಸುವಾಗ ಅವನು ಜಗಲಿಯ ಮೇಲೆ ಕುಳಿತು ಓದುತ್ತಿದ್ದ. ಮಧ್ಯಾಹ್ನ ಕಾಲೇಜಿನ ಮೆಟ್ಟಿಲ ಮೇಲೆ ಎದುರಾದರೆ ನನ್ನ ಗುರುತೇ ಇಲ್ಲದವನಂತೆ ನಡೆದುಬಿಡುತ್ತಿದ್ದ. ಯಾರಾದರೂ ಕೇಳಿದರೆ, “ಮಾವನ ಮನೆಯಲ್ಲಿದ್ದೇನೆ” ಎನ್ನುತ್ತಿದ್ದೆ. ನನಗೆ ಮೈಸೂರಿನಲ್ಲಿ ಮಾವನೇ ಇರಲಿಲ್ಲ.

ಹೋದ ಬೇಸಗೆಯ ರಜದಲ್ಲಿ ಮೊಮ್ಮಗಳು ಬಂದಿದ್ದಳು. ಪೆಟ್ಟಿಗೆಯಿಂದ ಮೊದಲು ಹೊರಗೆ ಬಂದದ್ದು ಒಂದು ಪೊರಕೆ. ಮರದ ಹಿಡಿ, ಕೆಂಪು ದಾರದ ಹೊಲಿಗೆ. ಆ ಕಡ್ಡಿ ನಮ್ಮ ಜೋಳದ ಜಾತಿಯದೇ ಅಂತೆ. ತೆನೆ ಉದ್ದಕ್ಕೆ ಕವಲೊಡೆದು ಹರಡುವ ತಳಿ. 1920ರಿಂದ ಅಲ್ಲಿ ಹೀಗೆ ಕಟ್ಟುತ್ತಿದ್ದಾರಂತೆ. ಅವಳ ಬೆರಳುಗಳಲ್ಲಿ ಗಂಟುಗಟ್ಟಿದ್ದನ್ನು ಅವಳ ಅಜ್ಜಿ ನೋಡಿ ಏನೂ ಮಾತಾಡಲಿಲ್ಲ.

ರಾತ್ರಿ ಜಗಲಿಯಲ್ಲಿ ನಾನು ಮೆಲ್ಲಗೆ ಕೇಳಿದೆ: “ನಿನಗೆ ನಾಚಿಕೆ ಆಗಲ್ವೇನೇ ಮಗು?”

“ಎಲ್ಲರೂ ಮಾಡ್ತಾರಲ್ಲ ತಾತ. ಯಾರ ಮುಂದೆ ಅಂತ ನಾಚ್ಕೊಳ್ಳಲಿ?”

ಆಗ ಅವಳಿಗೆ ಮಂಗಳವಾರದ ಮನೆಯ ಕಥೆ ಹೇಳಿದೆ. ನನ್ನ ಮಗನಿಗೂ ಅದನ್ನು ಹೇಳಿರಲಿಲ್ಲ. ಅವಳು ಕನಿಕರ ತೋರಿಸುವಳೆಂದು ಕಾದಿದ್ದರೆ, “ನಿಮಗೆ ಆ ಮನೆಗಳು ಹೇಗೆ ಸಿಕ್ಕವು ತಾತ? ನಿಮಗಿಂತ ಬಡವರು ಕ್ಲಾಸಿನಲ್ಲಿ ಇರಲಿಲ್ವಾ?” ಎಂದಳು.

ಇದ್ದ. ನನ್ನ ಬೆಂಚಿನಲ್ಲೇ ಇದ್ದ. ಗಣಿತದಲ್ಲಿ ನನಗಿಂತ ಎರಡು ಪಟ್ಟು ಚುರುಕು. ಆ ಏಳು ಮನೆಯವರು ನನಗೆ ಎಲೆ ಹಾಕಿದ್ದು ನನ್ನ ಬುದ್ಧಿಗಲ್ಲ, ಜಾತಿಗೆ. ಅವನನ್ನು ಅವರು ಪಡಸಾಲೆ ಹತ್ತಿಸುತ್ತಿರಲಿಲ್ಲ. ಅವನವರದೆಂಬ ಹಾಸ್ಟೆಲಿನಲ್ಲೂ ಅವನಿಗೆ ಜಾಗ ಸಿಕ್ಕಿರಲಿಲ್ಲ. ಎರಡನೆಯ ವರ್ಷ ಸಂಕ್ರಾಂತಿಯಾದ ಮೇಲೆ ಅವನು ಬರಲಿಲ್ಲ. ಏಕೆಂದು ನಾನು ವಿಚಾರಿಸಲೂ ಇಲ್ಲ. ನನಗೆ ನನ್ನ ಮಂಗಳವಾರಗಳ ಚಿಂತೆಯೇ ಸಾಕಾಗಿತ್ತು.

ಆಗ ಅವಳು ತನ್ನ ಕಾಲೇಜಿನ ಕಥೆ ಹೇಳಿದಳು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಜಾನ್ ಫೀ ಎಂಬ ಪಾದ್ರಿ 1855ರಲ್ಲಿ ಅದನ್ನು ಕಟ್ಟಿದರು. 1859ರಲ್ಲಿ ಆಯುಧ ಹಿಡಿದ ಜನ ಬಂದು ಅವರ ಕಡೆಯವರನ್ನು ಊರು ಬಿಡಿಸಿದರು. ಅಂತರ್ಯುದ್ಧ ಮುಗಿದ ಮೇಲೆ, 1866ರಲ್ಲಿ, ಮತ್ತೆ ಬಾಗಿಲು ತೆರೆದಾಗ ಬಂದ 187 ಜನರಲ್ಲಿ 96 ಮಂದಿ ಕರಿಯರು, 91 ಮಂದಿ ಬಿಳಿಯರು. ಅವರು ಒಂದೇ ಕೋಣೆಯಲ್ಲಿ ಕುಳಿತು ಓದಿದರು. 1904ರಲ್ಲಿ ಸಂಸ್ಥಾನ ಇದನ್ನು ಕಾನೂನಿನಿಂದ ನಿಷೇಧಿಸಿತು. 1908ರಲ್ಲಿ ದೇಶದ ಸುಪ್ರೀಂ ಕೋರ್ಟೂ ಆ ಕಾನೂನನ್ನೇ ಎತ್ತಿಹಿಡಿಯಿತು. ಕಾನೂನು ತಿದ್ದುಪಡಿಯಾಗಿ ಕರಿಯ ಮಕ್ಕಳು ಮತ್ತೆ ಒಳಗೆ ಬಂದದ್ದು 1950ರಲ್ಲಿ. “ಈಗ ನನ್ನ ಪಕ್ಕದಲ್ಲಿ ಕೂತು ಪೊರಕೆ ಹೊಲಿಯೋಳು ಕರಿಯರ ಹುಡುಗಿ ತಾತ. ನನಗಿಂತ ಚೆನ್ನಾಗಿ ಹೊಲೀತಾಳೆ” ಎಂದಳು.

ಅವಳು ಹೋದ ಮೇಲೆ ಪೊರಕೆಯನ್ನು ಎಲ್ಲಿಡಬೇಕೆಂದು ಮನೆಯಲ್ಲಿ ವಾದ ಹತ್ತಿತು. ಪೊರಕೆ ಬಂದವರ ಕಣ್ಣಿಗೆ ಬೀಳಬಾರದೆಂಬುದು ನಮ್ಮಾಕೆಯ ಶಾಸ್ತ್ರ. ನಾನು ಅದನ್ನು ನಡುಮನೆಯಲ್ಲಿ, ನನ್ನ ಪದವಿಯ ಫೋಟೋದ ಪಕ್ಕದ ಮೊಳೆಗೆ ತಗುಲಿಹಾಕಿದೆ. ಮೂರನೆಯ ದಿನ ವಾಕಿಂಗಿನ ಗೆಳೆಯರೊಬ್ಬರು ಕಾಫಿಗೆ ಬಂದು, “ಇದೇನು ರಾಯರೇ, ಅಲಂಕಾರಕ್ಕೋ?” ಎಂದರು.

“ನನ್ನ ಮೊಮ್ಮಗಳು ಕಟ್ಟಿದ್ದು. ಕಾಲೇಜಿನಲ್ಲಿ ಅವಳಿಗೆ ಅದೇ ಕೆಲಸ” ಎಂದೆ. ಹಾಗೆಯೇ ಮಂಗಳವಾರದ ಮನೆಯ ಸಂಗತಿಯನ್ನೂ ಹೇಳಿದೆ. ಬೆಂಚಿನ ಗೆಳೆಯನದನ್ನು ಹೇಳಲು ಹೋಗಿ ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ. ಅವರು ಕಾಫಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂದು ಗುರುವಾರ ಒಂದು ದಿನ ತಪ್ತಿತ್ತು ರಾಯರೇ. ಆವತ್ತು ಉಪವಾಸ” ಎಂದರು. ಹತ್ತು ವರ್ಷ ಜೊತೆಯಲ್ಲಿ ನಡೆದವರು.

ಮರುದಿನ ಬೆಳಗ್ಗೆ ನೋಡಿದರೆ ಮೊಳೆ ಬರಿದಾಗಿತ್ತು. ಹೊರಗೆ ಅಂಗಳದಲ್ಲಿ ನನ್ನ ಹೆಂಡತಿ ಆ ಪೊರಕೆಯಿಂದ ಹೊಂಗೆಯ ಎಲೆ ಗುಡಿಸುತ್ತಿದ್ದಳು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ, “ಹಿಡಿ ಸ್ವಲ್ಪ ಉದ್ದವಾಯ್ತು. ಕಟ್ಟು ಮಾತ್ರ ಬಿಗಿಯಾಗಿದೆ. ಫೋನ್ ಮಾಡಿದಾಗ ಹೇಳಿ ಅವಳಿಗೆ” ಎಂದಳು.