ಪೊರ್ಬುಗಳ ಪಿಟೀಲು

ನಮ್ಮ ಬೈಲಿನ ಆಚೆ ದಡದಲ್ಲಿದ್ದ ಆ ಹಿರಿಯರನ್ನು ಊರೆಲ್ಲ, ಕೊಂಕಣಿ ಕ್ರೈಸ್ತರನ್ನು ಕರೆಯುವ ವಾಡಿಕೆಯಂತೆ, ಪೊರ್ಬುಗಳು ಎಂದೇ ಕರೆಯುತ್ತಿತ್ತು. ವಾರವಿಡೀ ಗದ್ದೆ, ಭಾನುವಾರ ಇಗರ್ಜಿಯಲ್ಲಿ ಪಿಟೀಲು. ಮಂಗಳೂರಿನ ಆಸುಪಾಸಿನ ಹಳ್ಳಿಗಳಲ್ಲಿ ಬೆಳೆದವರಿಗೆ ಇಂಥ ಒಬ್ಬರ ನೆನಪು ಇದ್ದೇ ಇರುತ್ತದೆ.

ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆದ ಕೈ ಅದು. ಗೇಣಿಗೆ ಮಾಡುತ್ತಿದ್ದ ಗದ್ದೆ 1974ರ ಭೂಸುಧಾರಣೆಯ ಬಳಿಕ ಅವರದೇ ಆಗಿತ್ತು. ಸಂಜೆ ಪ್ರಾರ್ಥನೆಗೆ ಕರೆಯುವ ಆಮೊರಿಯ ಗಂಟೆ ಕೇಳಿದರೆ ಕೈಕಾಲು ತೊಳೆದು, ಮನೆಮಂದಿಯೊಂದಿಗೆ ಜಪಸರದ ಪ್ರಾರ್ಥನೆಯಾದ ತೇರ್ಸ್ ಮುಗಿಸಿ, ಪಿಟೀಲಿನ ಪೆಟ್ಟಿಗೆ ತೆರೆಯುತ್ತಿದ್ದರು. ಕಮಾನಿಗೆ ರಾಳ ಉಜ್ಜುವಾಗ ಏಳುವ ಬಿಳಿ ಹುಡಿಯನ್ನು ನೋಡಲೆಂದೇ ನಾವು ಮಕ್ಕಳು ಜಗಲಿಯಲ್ಲಿ ಕೂರುತ್ತಿದ್ದೆವು. ಎಷ್ಟು ತಿಕ್ಕಿದರೂ ಹೋಗದ ಕೆಸರು ಉಗುರಿನ ಸಂದಿಯಲ್ಲಿರುತ್ತಿತ್ತು. ಅದೇ ಬೆರಳು ತಂತಿಯ ಮೇಲೆ ಆಡುವಾಗ ಮಾತ್ರ ಒಂದು ಸ್ವರವೂ ತಪ್ಪುತ್ತಿರಲಿಲ್ಲ.

ಅವರು ಕಲಿತದ್ದು ಲ್ಯಾಟಿನ್ ಪೂಜೆಯ ಕಾಲದಲ್ಲಿ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರ ಪೂಜೆ ಕೊಂಕಣಿಗೆ ತಿರುಗಿತು. ಹಳೆಯದನ್ನು ಎದೆಯಲ್ಲಿಟ್ಟುಕೊಂಡೇ ಹೊಸ ಹಾಡುಗಳನ್ನು ಕಲಿತು ಮಕ್ಕಳಿಗೂ ಕಲಿಸಿದರು. ಊರಿನ ಮದುವೆಗಳಲ್ಲಿ ಮುನ್ನಾದಿನದ ರೋಸಿನ ರಾತ್ರಿ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ವೊವಿಯೊ ಹಾಡು ಹೇಳಿದರೆ ಗುಮಟೆ ಎಂಬ ಮಣ್ಣಿನ ಚರ್ಮವಾದ್ಯ ಇವರದು. ಮಳೆಗಾಲದಲ್ಲಿ ಅದರ ಚರ್ಮ ಸಡಿಲಾದರೆ ಬಚ್ಚಲೊಲೆಯ ಬಿಸಿಗೆ ಹಿಡಿದು, ಬೆರಳಿನಿಂದ ತಟ್ಟಿ, ನಾದ ಬರುವವರೆಗೆ ಕಾಯುತ್ತಿದ್ದರು. ಇಂದು ಹಾಗೆ ಕಾಯುವ ವ್ಯವಧಾನ ಯಾರಿಗಿದೆ? ಧ್ವನಿವರ್ಧಕದ ಹಾಡು ಗುಂಡಿ ಒತ್ತಿದೊಡನೆ ಶುರುವಾಗುತ್ತದೆ.

ಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಅವರ ಗದ್ದೆಯದೇ ತೆನೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ತರುತ್ತಿದ್ದರು. ಹಬ್ಬದಂದು ಆಶೀರ್ವದಿಸಿದ ತೆನೆ ಮನೆಮನೆಗೆ ಹೋಗುತ್ತಿತ್ತು. ಹೊಸ ಅಕ್ಕಿಯ ಕಾಳನ್ನು ಹಾಲಿಗೆ ಬೆರೆಸಿ ಎಲ್ಲರೂ ಕುಡಿದ ಮೇಲೆಯೇ ಊಟ. ಉತ್ತವರು, ಹಾಡಿದವರು, ಉಂಡವರು ಎಂಬ ಭೇದ ಅಲ್ಲಿರಲಿಲ್ಲ.

ಈಗ ಊರಿನ ಗದ್ದೆಗಳಲ್ಲಿ ಅಡಿಕೆ, ರಬ್ಬರು, ಸೈಟುಗಳು. ಹಬ್ಬ ಬಂದಾಗ ತೆನೆಗಾಗಿ ದೂರದ ಊರಿಗೆ ಜನ ಅಟ್ಟಬೇಕು. ಗಲ್ಫಿಗೆ ಹೋದ ಮಕ್ಕಳ ದುಡಿಮೆಯಿಂದ ಸೋರುವ ಮಾಡು ಹೋಯಿತು, ಮಳೆಗಾಲದ ಆಟಿ ತಿಂಗಳ ಹಸಿವು ಹೋಯಿತು. ಅದು ಸಣ್ಣ ಸಂಗತಿಯಲ್ಲ. ಉಡ ಉಳಿಯಲೆಂದು ಅದರ ಚರ್ಮ ಬಿಟ್ಟು ಗುಮಟೆಗೆ ಆಡಿನ ಚರ್ಮ ಬಿಗಿದದ್ದೂ ಸರಿಯೇ. 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಹಾಡಿಗೆ ವೇದಿಕೆ ಕೊಟ್ಟಿದೆ. ಆ ಋಣ ದೊಡ್ಡದು.

ಆದರೂ ಮನಸ್ಸು ಒಪ್ಪುವುದಿಲ್ಲ. ಪೊರ್ಬುಗಳು ವೇದಿಕೆಗಾಗಿ ಬಾರಿಸಿದವರಲ್ಲ. ನೆಟ್ಟ ಪೈರು ತೆನೆಯಾದ ಸಂತೋಷಕ್ಕೆ ಬಾರಿಸಿದವರು. ಅವರು ಹೋದ ಮೇಲೆ ಪಿಟೀಲನ್ನು ಗೋಡೆಯ ಅಲಂಕಾರಕ್ಕೆ ನೇತುಹಾಕಿದ್ದೇವೆ, ಅವರ ಗದ್ದೆಯನ್ನು ಉಳದೆ ಹಡೀಲು ಬಿಟ್ಟಿದ್ದೇವೆ. ಹಾಡನ್ನಷ್ಟೇ ಉಳಿಸಿಕೊಂಡು ಅದನ್ನು ಹುಟ್ಟಿಸಿದ ದುಡಿಮೆಯನ್ನು ಕೈಬಿಟ್ಟರೆ ಹಬ್ಬ ಬರೀ ಕಾರ್ಯಕ್ರಮವಾಗುತ್ತದೆ. ಊರಿಗೊಂದು ಗದ್ದೆಯಾದರೂ ಮತ್ತೆ ನಾಟಿಯಾಗಲಿ, ಆ ಕೆಸರಿಗೆ ಇಳಿದ ಮಕ್ಕಳೇ ಮೊಂತಿ ಹಬ್ಬದಲ್ಲಿ ಹಾಡಲಿ.