ಕೆಂಪು ಮಹಲಿನ ಓದು ಮತ್ತು ನೋಟ

ಚೀನಾದ ಅಭಿಜಾತ ಕಾದಂಬರಿಗಳಲ್ಲಿ ನಿಧಾನದ ಓದಿಗೆ ಹೇಳಿ ಮಾಡಿಸಿದಂತಿರುವುದು ಹದಿನೆಂಟನೆಯ ಶತಮಾನದಲ್ಲಿ ತ್ಸಾವೋ ಶ್ವೆಚಿನ್ ಬರೆದ ‘ಹಾಂಗ್‌ಲೌ ಮೆಂಗ್’, ಅಂದರೆ ‘ಕೆಂಪು ಮಹಲಿನ ಕನಸು’. ಜಿಯಾ ಎಂಬ ಸಿರಿವಂತ ಮನೆತನದ ಅವನತಿಯನ್ನೂ, ಬಾಯಲ್ಲಿ ಜೇಡ್ ಹರಳಿನೊಡನೆ ಹುಟ್ಟಿದ ಬಾವ್‌ಯು ಮತ್ತು ಅವನ ಸೋದರತ್ತೆಯ ಮಗಳು ದೈಯು ಇವರ ಕೈಗೂಡದ ಒಲವನ್ನೂ ಹೇಳುವ ಈ ಕೃತಿಯಲ್ಲಿ ನಾನೂರಕ್ಕೂ ಹೆಚ್ಚು ಪಾತ್ರಗಳಿದ್ದು, ಹೊಸ ಓದುಗರು ವಂಶವೃಕ್ಷವನ್ನು ಪಕ್ಕದಲ್ಲಿಟ್ಟುಕೊಂಡೇ ಮುಂದೆ ಸಾಗಬೇಕಾಗುತ್ತದೆ.

ಆ ತಾಳ್ಮೆಗೆ ತಕ್ಕ ಸುಖವೂ ಇಲ್ಲಿದೆ. ಹಳ್ಳಿಯಿಂದ ಬಂದ ಲಿಯು ಅಜ್ಜಿಗೆ ಮನೆಯ ಯಜಮಾನಿಕೆ ನೋಡಿಕೊಳ್ಳುವ ಸೊಸೆ ಶಿಫೆಂಗ್ ಬದನೆಕಾಯಿಯ ಒಂದು ಖಾದ್ಯವನ್ನು ಉಣಿಸಿ, ಅದಕ್ಕೆ ಬೀಳುವ ಕೋಳಿಯ ಕೊಬ್ಬು, ಅಣಬೆ, ಬಿದಿರಿನ ಕಳಲೆ, ಒಣಹಣ್ಣುಗಳನ್ನೆಲ್ಲ ವಿವರಿಸುವಾಗ, ಆ ಮನೆ ದಿವಾಳಿಯತ್ತ ಹೊರಳುತ್ತಿರುವುದನ್ನು ಓದುಗರು ಯಾರೂ ಹೇಳದೆಯೇ ಅರಿಯುತ್ತಾರೆ.

ವಾಂಗ್ ಫುಲಿನ್ ನಿರ್ದೇಶನದಲ್ಲಿ ಚೀನಾದ ಸರಕಾರಿ ದೂರದರ್ಶನವು 1987ರಲ್ಲಿ ಪ್ರಸಾರ ಮಾಡಿದ 36 ಕಂತುಗಳ ಸರಣಿಯು ಇಂಥ ವಿವರಗಳನ್ನೆಲ್ಲ ಹಿಡಿದಿಡಲಾರದು. ಐದನೆಯ ಅಧ್ಯಾಯದಲ್ಲಿ ಬಾವ್‌ಯು ಕಾಣುವ, ಪ್ರಮುಖ ಹೆಣ್ಣುಗಳ ಭವಿಷ್ಯವನ್ನು ಸೂಚಿಸುವ ಕನಸನ್ನೇ ಅದು ಕೈಬಿಟ್ಟಿದೆ. ಆದರೂ ಎಳೆಯ ನಟನಟಿಯರಿಗೆ ಚಿತ್ರೀಕರಣಕ್ಕೆ ಮುನ್ನ ತರಬೇತಿ ಶಿಬಿರ ನಡೆಸಿ ಕಾದಂಬರಿಯನ್ನು ಕಲಿಸಿದ್ದರ ಫಲವಾಗಿ, ಉದುರಿದ ಹೂಗಳನ್ನು ಮಣ್ಣು ಮಾಡುವ ದೈಯುವಿಗೆ ಚೆನ್ ಶಿಯಾವ್‌ಶು ಕೊಟ್ಟ ಮುಖವು ಅನೇಕ ಓದುಗರಿಗೆ ದೈಯುವಿನದೇ ಮುಖವಾಗಿ ಉಳಿದಿದೆ. ಚಿತ್ರೀಕರಣಕ್ಕೆಂದು ಬೀಜಿಂಗ್‌ನಲ್ಲಿ ಕಟ್ಟಿದ ಉದ್ಯಾನವು ಇಂದು ಸಾರ್ವಜನಿಕರು ತಿರುಗಾಡುವ ತಾಣವಾಗಿದೆ.

ಓದು ಮತ್ತು ನೋಟ ನಿಜವಾಗಿ ಬೇರೆಯಾಗುವುದು ಕೊನೆಯಲ್ಲಿ. ಕೃತಿ ಮೊದಲು 80 ಅಧ್ಯಾಯಗಳ ಕೈಬರಹದ ಪ್ರತಿಗಳಲ್ಲಿ ಹರಿದಾಡಿತು. 1791ರಲ್ಲಿ ಚೆಂಗ್ ವೈಯುವಾನ್ ಮತ್ತು ಗಾವ್ ಎ ಹೊರತಂದ ಮುದ್ರಣದಲ್ಲಿ ಅದು 120 ಅಧ್ಯಾಯಗಳಾಗಿದ್ದು, ಕೊನೆಯ 40 ಅಧ್ಯಾಯಗಳ ಕರ್ತೃತ್ವ ಇಂದಿಗೂ ಚರ್ಚೆಯ ವಿಷಯ. ಮುದ್ರಿತ ಪಾಠದಲ್ಲಿ ಮನೆತನ ಮತ್ತೆ ಚೇತರಿಸಿಕೊಂಡರೆ, ಸರಣಿಯು ಆ ಪಾಠವನ್ನು ಬದಿಗಿಟ್ಟು, ಝಿಯಾನ್‌ಝಾಯ್ ಎಂಬ ಗುಪ್ತನಾಮದ ವ್ಯಾಖ್ಯಾನಕಾರ ಹಸ್ತಪ್ರತಿಗಳಲ್ಲಿ ಬಿಟ್ಟ ಟಿಪ್ಪಣಿಗಳ ಸುಳಿವು ಹಿಡಿದು, ಪೂರ್ಣ ಸರ್ವನಾಶದ ಅಂತ್ಯವನ್ನು ಕಟ್ಟಿತು. ಹಾಗೆ ನೋಡಿದರೆ ಈ ಸರಣಿಯೂ ಒಬ್ಬ ಸಹೃದಯನ ಓದು. ಮೂಲಕ್ಕೆ ಎಷ್ಟು ನಿಷ್ಠವೆಂದು ಅಳೆಯುವುದಕ್ಕಿಂತ, ಮೂಲದ ಬಗ್ಗೆ ಅದು ಏನನ್ನು ಕಾಣಿಸುತ್ತದೆ ಎಂದು ಕೇಳುವುದು ಹೆಚ್ಚು ಫಲಕಾರಿ.

ಆದ್ದರಿಂದ ಇಂಗ್ಲಿಷ್ ಬಲ್ಲ ಕನ್ನಡ ಓದುಗರು ಡೇವಿಡ್ ಹಾಕ್ಸ್ ಮತ್ತು ಜಾನ್ ಮಿನ್‌ಫರ್ಡ್ ಅವರ ಐದು ಸಂಪುಟಗಳ ಅನುವಾದವನ್ನು ಕೈಗೆತ್ತಿಕೊಂಡು, ಮೊದಲ 80 ಅಧ್ಯಾಯಗಳನ್ನು ಅವಸರವಿಲ್ಲದೆ ಓದಿ, ಆಮೇಲೆ ಎರಡೂ ಅಂತ್ಯಗಳನ್ನು ಒಂದನ್ನು ಓದಿ ಮತ್ತೊಂದನ್ನು ನೋಡಿ, ತಮ್ಮ ತೀರ್ಪನ್ನು ತಾವೇ ಕೊಟ್ಟುಕೊಳ್ಳಬೇಕು.